ಲಾನ್ ಸ್ಪ್ರಿಂಕ್ಲರ್: ಎರಡು ಏಳುತ್ತಿಲ್ಲ, ಒಂದು ನಿಲ್ಲುತ್ತಿಲ್ಲ. ಎಲ್ಲಾ ಕಿತ್ತು ಹೊಸದು ಹಾಕಬೇಕಾ?

ಕರಕಿ ಅಂಗಳ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಕಲಬುರಗಿಯ ಜೇವರ್ಗಿ ರಸ್ತೆ ಕಡೆ. ಮನೆ ಮುಂದೆ 15 ಅಡಿ ಅಗಲ, 30 ಅಡಿ ಉದ್ದದ ಲಾನ್ ಇದೆ. ಮನೆ ಕಟ್ಟಿದಾಗ ಹೊರಗಿನ ಊರಿನಿಂದ ಬಂದವರು ಆರು ಪಾಪ್-ಅಪ್ ಸ್ಪ್ರಿಂಕ್ಲರ್ ಕೂಡಿಸಿ, ಟೈಮರ್ ಹಚ್ಚಿ ಹೋದರು. ನಾಲ್ಕು ಮೂಲೆಗೆ ನಾಲ್ಕು, ಉದ್ದ ಬದಿಗಳ ನಡುವೆ ಒಂದೊಂದು. ಟೈಮರಿನಿಂದ ತೆರೆದು ಮುಚ್ಚುವ ಎರಡು ವಾಲ್ವ್ ಇವೆ. ಒಂದು ಲಾನಿಗೆ, ಇನ್ನೊಂದು ಕಾಂಪೌಂಡ್ ಪಕ್ಕದ ಗಿಡಗಳಿಗೆ. ಮೊದಲೆರಡು ವರ್ಷ ಏನೂ ತಕರಾರಿರಲಿಲ್ಲ. ಈಗ ಅವರು ಫೋನ್ ಎತ್ತುವುದಿಲ್ಲ.

ಸದ್ಯದ ಅವಸ್ಥೆ ಹೀಗಿದೆ. ಗೇಟ್ ಕಡೆಯ ಎರಡು ಅರ್ಧ ಎದ್ದು ನಿಂತುಬಿಡುತ್ತವೆ. ನೀರು ದೂರ ಹಾರುವುದಿಲ್ಲ, ಬುಡದಲ್ಲೇ ಗುಳುಗುಳು ಅಂತ ಸುರಿಯುತ್ತದೆ. ತುಳಸಿಕಟ್ಟೆ ಹತ್ತಿರದ್ದು ಬಂದ್ ಆದ ಮೇಲೂ ಸೋರುತ್ತದೆ. ಪರಸಿ ಕಲ್ಲು ಹಾಸಿದ ಹಾದಿಯ ಪಕ್ಕ ಒಂದು ಕಡೆ ಕಾಲಿಟ್ಟರೆ ಪಚಕ್ ಅನ್ನುತ್ತದೆ, ಅಲ್ಲಿ ಮಾತ್ರ ಹುಲ್ಲು ಭಾರಿ ಹಸಿರು. ಅದರ ಎದುರಿನ ಮೂಲೆ ಒಣಗಿ ನೆಲ ಬಿರಿದಿದೆ. ಹೋದ ವರ್ಷ ಒಂದು ಮೂಲೆಯದರ ಮೇಲೆ ಕಾರ್ ಹತ್ತಿ ಮುರಿದಿತ್ತು. ಪ್ಲಂಬರ್ ಹೊಸದು ಹಾಕಿದರು. ಅದು ಲಾನಿಗಿಂತ ಜಾಸ್ತಿ ಕಾಂಪೌಂಡ್ ಗೋಡೆಗೆ, ರಸ್ತೆಗೆ ಸ್ನಾನ ಮಾಡಿಸುತ್ತದೆ. ಎದುರು ಮನೆಯವರ ಬೈಕ್ ದಿನಾ ತೊಳೆದಿರುತ್ತದೆ, ಖುಷಿಯಾಗಿದ್ದಾರೆ.

ನೀರು ಬೋರ್‌ವೆಲ್‌ದು. ಸಂಪಿಗೆ ಬಂದು, ಅಲ್ಲಿಂದ ತೋಟಕ್ಕೆ ಅಂತಲೇ ಇಟ್ಟ ಚಿಕ್ಕ ಪ್ರೆಶರ್ ಪಂಪ್ ಮೂಲಕ ಹೋಗುತ್ತದೆ. ನೀರು ಗಡಸು, ಬಕೆಟ್ ಮೇಲೆಲ್ಲ ಬಿಳಿ ಪದರ ಕೂರುತ್ತದೆ. ಪ್ಲಂಬರ್ ನೋಡಿ "ಪೈಪ್ ಎಲ್ಲಾ ಹೋಗಿದೆ, ಅಗೆದು ಹೊಸ ಲೈನ್ ಹಾಕೋಣ, 35,000 ಆಗುತ್ತದೆ" ಅಂದರು. ನಮ್ಮ ಮಾವನವರು ಕೈಯಲ್ಲಿ ಪೈಪ್ ಹಿಡಿದು ನೀರು ಬಿಟ್ಟರೆ ಆಯಿತು, ಇದೆಲ್ಲ ಯಾಕೆ ಅನ್ನುತ್ತಾರೆ. ಮೇ ತಿಂಗಳ ಬಿಸಿಲಲ್ಲಿ ಪೈಪ್ ಹಿಡಿದು ನಿಲ್ಲುವವರು ಯಾರು ಅನ್ನುವುದನ್ನು ಮಾತ್ರ ಹೇಳುವುದಿಲ್ಲ.

ನಿಜವಾಗಿಯೂ ಎಲ್ಲಾ ಕೀಳಬೇಕಾ? ಇದನ್ನು ರಿಪೇರಿ ಮಾಡಿ ಗೊತ್ತಿರುವವರು ಹೇಳಿ.

ಭೀಮಾ ದಂಡೆ, ಯಾದಗಿರಿ

ಅಕ್ಕಾರೇ, ಪಂಪ್ ಯಾಕೆ? ಮೇಲಿನ ಟ್ಯಾಂಕಿನಿಂದಲೇ ಕನೆಕ್ಷನ್ ಕೊಟ್ಟುಬಿಡಿ. ಕರೆಂಟ್ ಹೋದರೂ ನೀರು ಇರುತ್ತದೆ.

ಇನ್ನೊಂದು ಮಾತು, ಟೈಮರ್ ನೋಡಿಕೊಳ್ಳಿ. ನಮ್ಮ ಹಳೆಯ ಟೈಮರ್ ಕರೆಂಟ್ ಹೋಗಿ ಬಂದರೆ ಎಲ್ಲಾ ಮರೆತುಬಿಡುತ್ತಿತ್ತು. ಗಡಿಯಾರ ರಾತ್ರಿ 12ಕ್ಕೆ ಹೋಗಿ ಕೂರುತ್ತಿತ್ತು. ಆಮೇಲೆ ತನ್ನ ಮನಸ್ಸಿಗೆ ಬಂದ ಹೊತ್ತಿಗೆ ಎಲ್ಲಾ ವಾಲ್ವ್ 10 ನಿಮಿಷ ಓಡಿಸುತ್ತಿತ್ತು. ನೋಡಿದರೆ ಒಳಗಿನ 9 ವೋಲ್ಟ್ ಬ್ಯಾಟರಿ ಸತ್ತಿತ್ತು, ಅಷ್ಟೇ. ನಟ್ಟ ಮಧ್ಯಾಹ್ನ ನಿಮ್ಮಲ್ಲಿ ನೀರು ಹಾರುತ್ತಿದ್ದರೆ ಇದೇ ಕಾರಣ ಇದ್ದೀತು.

ಎರೆಮಣ್ಣಿನ ಫಿಟ್ಟರ್, ಶಹಾಬಾದ್

ಟ್ಯಾಂಕಿನ ಮಾತು ಬೇಡ ತಮ್ಮಾ. 10 ಮೀಟರ್ ಎತ್ತರದಲ್ಲಿ ನೀರಿದ್ದರೆ ಕೆಳಗೆ 1 ಕೆಜಿ ಪ್ರೆಶರ್ (ಚದರ ಸೆಂಟಿಮೀಟರಿಗೆ) ಸಿಗುತ್ತದೆ. ಎರಡಂತಸ್ತಿನ ಮನೆಯ ಟ್ಯಾಂಕ್ 8-9 ಮೀಟರ್ ಎತ್ತರ ಇದ್ದರೆ ದೊಡ್ಡದು. ಈ ಸ್ಪ್ರೇ ಪಾಪ್-ಅಪ್‌ಗಳಿಗೆ ಹೆಡ್ ಹತ್ತಿರ, ಅಂದರೆ ನೀರು ಹಾರಿಸುವ ತಲೆಯ ಹತ್ತಿರ, 2 ಕೆಜಿ ಬೇಕು. ತಿರುಗುವ ರೋಟರ್ ಇದ್ದರೆ 3 ಕೆಜಿ. ಟ್ಯಾಂಕಿಗೆ ಜೋಡಿಸಿದರೆ ಆರೂ ತಲೆ ಎತ್ತುವುದಿಲ್ಲ. ಟೈಮರ್ ಬ್ಯಾಟರಿಯ ಮಾತು ಸರಿ ಇದೆ.

ತಂಗೀ, ಯಾರಿಗೂ ದುಡ್ಡು ಕೊಡುವ ಮೊದಲು ಒಂದು ಪರೀಕ್ಷೆ ಮಾಡಿ. ಟೈಮರ್ ಬಂದ್ ಮಾಡಿ. ಆ ಪಂಪಿನಿಂದ ಬೇರೆ ನಲ್ಲಿ ಇದ್ದರೆ ಅದನ್ನೂ ಬಂದ್ ಮಾಡಿ. ಪಂಪ್ ಮಾತ್ರ ಆನ್ ಇರಲಿ. ಪ್ರೆಶರ್ ತುಂಬಿಕೊಂಡು ಪಂಪ್ ತಾನೇ ನಿಲ್ಲುತ್ತದೆ. ಆಮೇಲೆ ಒಂದು ತಾಸು ಪಂಪಿನ ಪ್ರೆಶರ್ ಗೇಜಿನ ಮುಳ್ಳು ನೋಡುತ್ತಿರಿ. ಮುಳ್ಳು ಇಳಿದು ಪಂಪ್ ಮತ್ತೆ ತಾನೇ ಹೊಡೆದರೆ ಸೋರಿಕೆ ಪಂಪಿಗೂ ವಾಲ್ವಿಗೂ ನಡುವೆ ಇದೆ, ಇಲ್ಲವೇ ವಾಲ್ವೇ ಸರಿಯಾಗಿ ಮುಚ್ಚುತ್ತಿಲ್ಲ. ಮುಳ್ಳು ಕದಲದಿದ್ದರೆ ಸೋರಿಕೆ ವಾಲ್ವ್ ದಾಟಿದ ಮೇಲೆ. ಸ್ಪ್ರಿಂಕ್ಲರ್ ಓಡುವಾಗ ಮುಳ್ಳು ಎಲ್ಲಿ ನಿಲ್ಲುತ್ತದೆ ಅನ್ನುವುದನ್ನೂ ಬರೆಯಿರಿ.

ಕರಕಿ ಅಂಗಳ, ಕಲಬುರಗಿ

ಅಣ್ಣಾರೇ, ನೋಡಿದೆ. ಪಂಪ್ ನಿಂತ ಮೇಲೆ ಮುಳ್ಳು ಎರಡೂವರೆ ಹತ್ತಿರ ಗಟ್ಟಿಯಾಗಿ ನಿಂತಿತು, ಇಳಿಯಲಿಲ್ಲ. ಲಾನ್ ಓಡುವಾಗ 1ರ ಮೇಲೆ ಏರುವುದೇ ಇಲ್ಲ. ಗಿಡದ ಲೈನ್ ಓಡಿಸಲು ನೋಡಿದೆ, ಟೈಮರಿನಲ್ಲಿ ಗುಂಡಿ ಒತ್ತಿದರೂ ಅದು ಶುರುವೇ ಆಗಲಿಲ್ಲ. ಅದು ಬೇರೆ ತಲೆನೋವು.

ಎರೆಮಣ್ಣಿನ ಫಿಟ್ಟರ್, ಶಹಾಬಾದ್

ಹಾಗಾದರೆ 35,000 ನಿಮ್ಮ ಹತ್ತಿರವೇ ಇರಲಿ. ಪಂಪಿನಿಂದ ವಾಲ್ವ್ ತನಕ ಲೈನ್ ಗಟ್ಟಿ ಇದೆ, ವಾಲ್ವೂ ಸರಿಯಾಗಿ ಮುಚ್ಚುತ್ತಿದೆ. ಒಡೆದಿರುವುದು ಲಾನಿನ ಒಳಗೆ, ಆ ಪಚಕ್ ಅನ್ನುವ ಜಾಗದ ಆಸುಪಾಸು. ಒಂದು ಕಡೆ ಒಡೆದರೆ ಆರೂ ಕಡೆ ಪೈಪ್ ಹೋಗಿದೆ ಅನ್ನುವುದು ಕೆಲಸ ಹುಡುಕುವವರ ಲೆಕ್ಕ.

ಮೊದಲು ಪ್ರೆಶರ್ ಯಾಕೆ ಬಿದ್ದಿದೆ ನೋಡೋಣ. ನಿಮ್ಮದು 15 ಅಡಿ ನೀರು ಹಾರಿಸುವ ನಾಜಲ್ (ಹೆಡ್ಡಿನ ತುದಿಯ ಮೂತಿ) ಇರಬೇಕು, ಲಾನಿನ ಅಳತೆಯೇ ಅದನ್ನು ಹೇಳುತ್ತದೆ. ಮೂಲೆಗೆ ಕೂರುವುದು 90 ಡಿಗ್ರಿಯ ಕಾಲು ವೃತ್ತದ್ದು. ಅದು ನಿಮಿಷಕ್ಕೆ ಸುಮಾರು 3.5 ಲೀಟರ್ ಕುಡಿಯುತ್ತದೆ. ಬದಿ ನಡುವೆ ಕೂರುವುದು 180 ಡಿಗ್ರಿಯ ಅರ್ಧ ವೃತ್ತ, 7 ಲೀಟರ್. ನಾಲ್ಕು ಕಾಲು, ಎರಡು ಅರ್ಧ ಸೇರಿದರೆ ನಿಮಿಷಕ್ಕೆ 28 ಲೀಟರ್. ಮೊದಲು ಕೂಡಿಸಿದವರು ಇದಕ್ಕೆ ತಕ್ಕ ಪಂಪ್ ಇಟ್ಟಿದ್ದಾರೆ. ಹೋದ ವರ್ಷ ಹಾಕಿದ್ದು ಗೋಡೆಗೂ ರಸ್ತೆಗೂ ಹೊಡೆಯುತ್ತದೆ ಅಂದರೆ ಅದು ಪೂರ್ತಿ ವೃತ್ತದ ನಾಜಲ್. ಅದೊಂದೇ 14 ಲೀಟರ್ ತಿನ್ನುತ್ತದೆ. ಅಲ್ಲಿಗೆ 28 ಹೋಗಿ 38 ಆಯಿತು. ಅದರ ಮೇಲೆ ನೆಲದೊಳಗಿನ ಸೋರಿಕೆ. ಗೇಟ್ ಕಡೆಯವು ಲೈನಿನ ತುದಿಯಲ್ಲಿರಬೇಕು, ಅವಕ್ಕೆ ಉಳಿಯುವುದೇನು? ಅಂಗಡಿಯಲ್ಲಿ ಹಳೆಯ ನಾಜಲ್ ಕೈಗೆ ಕೊಟ್ಟು "ಇದರ ಥ್ರೆಡ್ಡಿಗೆ ಕೂರುವ, 15 ಅಡಿ, 90 ಡಿಗ್ರಿ" ಅಂತ ಕೇಳಿ. ಕೆಲವಕ್ಕೆ ಥ್ರೆಡ್ ಒಳಗಿರುತ್ತದೆ, ಕೆಲವಕ್ಕೆ ಹೊರಗೆ. ತೋರಿಸಿ ತರುವುದು ಒಳ್ಳೆಯದು. ನಾಜಲ್ ಅಷ್ಟೇ ಬದಲಿಸಿದರೆ ಸಾಕು, ಬಾಡಿ ಹಾಗೇ ಇರಲಿ.

ಇನ್ನು ಒಡೆದದ್ದರ ಮಾತು. ಡ್ರಿಪ್, ಸ್ಪ್ರಿಂಕ್ಲರ್ ಕೆಲಸದಲ್ಲೇ ನನ್ನ ಕೂದಲು ಬೆಳ್ಳಗಾಗಿದೆ. ನಮ್ಮ ಕಡೆ ಸ್ಪ್ರಿಂಕ್ಲರ್ ಕೆಡುವುದಕ್ಕಿಂತ ಅದರ ಕೆಳಗಿನ ಮಣ್ಣು ಅದನ್ನು ಮುರಿಯುವುದೇ ಜಾಸ್ತಿ. ಕಂಪನಿ ಯಾವುದು ಅಂತ ಜಗಳಾಡುವವರು ಮಣ್ಣನ್ನು ನೋಡುವುದೇ ಇಲ್ಲ. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ತೊಗರಿ ಹೊಲದಲ್ಲಿ ಕೈ ತೂರುವಷ್ಟು ಬಿರುಕು ಬೀಳುವುದನ್ನು ನೀವೂ ನೋಡಿರುತ್ತೀರಿ. ಲಾನಿನ ಒಳಗೆ ದಿನಾ ಹಸಿ. ಪರಸಿ ಕಲ್ಲಿನ ಕೆಳಗೆ ಒಣ. ಈ ಹಸಿ ಒಣ ಕೂಡುವ ಗೆರೆಯಲ್ಲೇ ಮಣ್ಣು ಹೆಚ್ಚು ಅಲುಗಾಡುವುದು. ಪಾಪ್-ಅಪ್ ಕೂರುವುದೂ ಅದೇ ಗೆರೆಯಲ್ಲಿ, ಲಾನಿನ ಅಂಚಿಗೆ.

ಬೇರೆ ಮಣ್ಣಿನಲ್ಲಿ ಕೆಲಸ ಮಾಡಿ ರೂಢಿ ಇರುವವರು ಪೈಪಿನ ಟೀಗೆ (ಮೂರು ಬಾಯಿಯ ಜೋಡಣೆಗೆ) ಗಟ್ಟಿ ಪ್ಲಾಸ್ಟಿಕ್ ನಿಪ್ಪಲ್ (ತುದಿಗೆ ಥ್ರೆಡ್ ಇರುವ ಗಿಡ್ಡ ಪೈಪ್) ಹಚ್ಚಿ, ಅದರ ಮೇಲೆ ನೆಟ್ಟಗೆ ಹೆಡ್ ಕೂಡಿಸುತ್ತಾರೆ. ಅಲ್ಲಿ ಅದು ನಡೆಯುತ್ತದೆ. ಇಲ್ಲಿ ಮಣ್ಣು ಹೆಡ್ಡನ್ನು ಒಂದು ಕಡೆ ಎಳೆಯುತ್ತದೆ, ಪೈಪನ್ನು ಇನ್ನೊಂದು ಕಡೆ. ನಡುವೆ ಇರುವ ನಿಪ್ಪಲ್ ಥ್ರೆಡ್ ಇರುವ ಜಾಗದಲ್ಲೇ ಲಟಕ್ ಅನ್ನುತ್ತದೆ. ಅಗೆದಾಗ ನಿಮಗೂ ಅದೇ ಕಾಣುತ್ತದೆ ಅಂತ ನನ್ನ ಊಹೆ. ಕಾರ್ ಹತ್ತಿದ ಮೂಲೆಯನ್ನೂ ಒಮ್ಮೆ ನೋಡಿ, ಹೆಡ್ ಬದಲಿಸಿ ಕೆಳಗಿನ ಟೀ ನೋಡದೆ ಮುಚ್ಚಿರಬಹುದು.

ಅಗೆಯುವುದು ಹೀಗೆ. ಲಾನಿನ ವಾಲ್ವ್ ಅರ್ಧ ನಿಮಿಷ ಬಿಟ್ಟು ನೀರು ಎಲ್ಲಿ ಉಕ್ಕುತ್ತದೆ ನೋಡಿ, ಬಂದ್ ಮಾಡಿ. ಹುಲ್ಲನ್ನು ಬೇರು ಸಮೇತ ಚೌಕ ಮಾಡಿ ಕೊಯ್ದು ಹಸಿ ಗೋಣಿಚೀಲದ ಮೇಲೆ ನೆರಳಿಗಿಡಿ. ಪಿಕಾಸಿ ಮುಟ್ಟಬೇಡಿ, ಒಂದು ಏಟಿಗೆ ಇನ್ನೊಂದು ತೂತು. ಕುರ್ಪಿಯಲ್ಲಿ ಬಿಡಿಸಿ. ಪೈಪಿನ ಕೆಳಗೂ ನಾಲ್ಕು ಬೆರಳು ಜಾಗ ಮಾಡಿ. ಪಕ್ಕದಲ್ಲಿ ಒಂದು ತಗ್ಗು ತೋಡಿದರೆ ಉಳಿದ ನೀರು ಅಲ್ಲಿಗೆ ಇಳಿಯುತ್ತದೆ, ಡಬ್ಬಿಯಿಂದ ಎತ್ತಿ ಚೆಲ್ಲಬಹುದು. ಹಸಿ ಪೈಪಿಗೆ ಸಲ್ಯೂಷನ್ (ಪೈಪ್ ಅಂಟಿಸುವ ಗೋಂದು) ಹಿಡಿಯುವುದಿಲ್ಲ, ಒಣ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ.

ಒಡೆದ ಟೀ ಎರಡೂ ಕಡೆ ಹ್ಯಾಕ್ಸಾದಿಂದ ನೆಟ್ಟಗೆ ಕೊಯ್ದು, ಅಂಚಿನ ಸಿಬರು ಚಾಕುವಿನಿಂದ ಕೆರೆಯಿರಿ. ಆ ಸಿಬರೇ ಮುಂದೆ ನಾಜಲ್‌ನಲ್ಲಿ ಕೂರುವ ಕಸ. ಹೊಸ ಟೀ ಹಾಕಿ. ಸಲ್ಯೂಷನ್ ಬಳಿಯುವ ಕೆಲಸ ಬೆಳಿಗ್ಗೆ ತಂಪಿನಲ್ಲೇ ಮುಗಿಸಿ. 42 ಡಿಗ್ರಿ ಬಿಸಿಲಲ್ಲಿ ಬಳಿದು ಜೋಡಿಸುವಷ್ಟರಲ್ಲಿ ಅದು ಒಣಗಿರುತ್ತದೆ, ಒಳಗೆ ಪೂರ್ತಿ ಕೂರುವುದಿಲ್ಲ. ಬಳಿದ ಕೂಡಲೇ ಒತ್ತಿ, ಸ್ವಲ್ಪ ತಿರುವಿ, ಅರ್ಧ ನಿಮಿಷ ಹಿಡಿದುಕೊಳ್ಳಿ. ನೀರು ಬಿಡುವುದು ಮರುದಿನ.

ಇನ್ನು ಮುಖ್ಯ ಕೆಲಸ. ಟೀಯಿಂದ ಹೆಡ್ಡಿಗೆ ನಿಪ್ಪಲ್ ಬೇಡ. ಬಾಗುವ ಕಪ್ಪು ಪೈಪ್ ಬರುತ್ತದೆ, ಸ್ವಿಂಗ್ ಪೈಪ್ ಅಂತ ಕೇಳಿ. ಎರಡು ತುದಿಗೂ ಒತ್ತಿ ಕೂಡಿಸುವ ಎಲ್ಬೋ ಇರುತ್ತದೆ. ಒಂದು ಅಡಿ ಪೈಪನ್ನು ನೆಟ್ಟಗೆ ಎಳೆಯದೆ ಸ್ವಲ್ಪ ಬಾಗಿಸಿ ಹಾಕಿ. ಮಣ್ಣು ಎಳೆದರೆ ಅದೂ ಜೊತೆಗೆ ಹೋಗುತ್ತದೆ, ಮುರಿಯುವುದಿಲ್ಲ. ಊರಿನಲ್ಲಿ ಸಿಗದಿದ್ದರೆ ಹೈದರಾಬಾದ್, ಸೋಲಾಪುರದಿಂದ ತರಿಸಿಕೊಡುತ್ತಾರೆ.

ಮುಚ್ಚುವಾಗ ಅದೇ ಎರೆ ಹೆಂಟೆ ತುಂಬಬೇಡಿ. ಪೈಪಿನ ಸುತ್ತ ನಾಲ್ಕು ಬೆರಳು ಮುರುಮ (ಗರಸು ಮಣ್ಣು) ಇಲ್ಲವೇ ದಪ್ಪ ಮರಳು ಹಾಕಿ, ಅದರ ಮೇಲೆ ಮಣ್ಣು. ಮುಚ್ಚುವ ಮೊದಲು ಒಮ್ಮೆ ಓಡಿಸಿ ನೋಡಿ. ನಾಜಲ್ ಬಿಚ್ಚಿಟ್ಟು ಓಡಿಸಿದರೆ ಲೈನಿನೊಳಗಿನ ಮಣ್ಣೂ ಹೊರಗೆ ಬರುತ್ತದೆ. ಹೆಡ್ಡಿನ ತಲೆ ನೆಲಕ್ಕೆ ಸಮನಾಗಿರಲಿ. ಎತ್ತರ ಇದ್ದರೆ ಹುಲ್ಲು ಕೊಯ್ಯುವ ಮಷಿನ್ ಹೊಡೆಯುತ್ತದೆ, ತಗ್ಗಿದ್ದರೆ ಮಣ್ಣು ತುಂಬುತ್ತದೆ.

ಅರ್ಧ ಏಳುವ ಎರಡನ್ನು ಇವೆಲ್ಲ ಆದ ಮೇಲೆ ನೋಡಿ. ಪ್ರೆಶರ್ ಬಂದರೆ ಅವು ತಾವೇ ಎದ್ದಾವು. ಏಳದಿದ್ದರೆ ಮುಚ್ಚಳ ತಿರುಗಿಸಿ ಒಳಗಿನದನ್ನು ಎತ್ತಿ. ನಾಜಲ್ ಕೆಳಗೆ ಬೆರಳಿನ ಗಾತ್ರದ ಜಾಲರಿ ಇರುತ್ತದೆ, ಬಹಳ ಮಂದಿಗೆ ಅದು ಇರುವುದೇ ಗೊತ್ತಿಲ್ಲ. ನಮ್ಮದು ಸುಣ್ಣಕಲ್ಲಿನ ನೆಲ. ಶಹಾಬಾದ್, ವಾಡಿ, ಸೇಡಂ ಕಡೆ ಸಿಮೆಂಟ್ ಫ್ಯಾಕ್ಟರಿ ಇರುವುದೇ ಈ ಕಲ್ಲಿಗಾಗಿ. ಬೋರಿನ ನೀರಿನಲ್ಲಿ ಅದೇ ಸುಣ್ಣ ಕರಗಿ ಬಂದು ಜಾಲರಿಗೆ, ನಾಜಲ್ಲಿಗೆ ಕಟ್ಟುತ್ತದೆ. ಕಿರಾಣಿ ಅಂಗಡಿಯಲ್ಲಿ ನಿಂಬೂ ಸತ್ ಪುಡಿ ತನ್ನಿ. ಬಿಸಿ ನೀರಿಗೆ ಎರಡು ಚಮಚ ಹಾಕಿ, ರಾತ್ರಿ ನೆನೆಸಿ, ಬೆಳಿಗ್ಗೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ. ಪಿನ್ ಹಾಕಿ ಕುಕ್ಕಬೇಡಿ, ತೂತು ದೊಡ್ಡದಾದರೆ ನೀರು ಒಂದೇ ಕಡೆ ಗೆರೆಯಾಗಿ ಹೊಡೆಯುತ್ತದೆ. ಬಾತ್‌ರೂಮ್ ತೊಳೆಯುವ ಆಸಿಡ್ ಅಂತೂ ಬೇಡವೇ ಬೇಡ. ಒಳಗಿನ ಸ್ಪ್ರಿಂಗ್ ತಿಂದುಹಾಕುತ್ತದೆ.

ಕೋಟೆ ಊರಿನವ, ಬೀದರ್

ಫಿಟ್ಟರ್ ಸಾಹೇಬರು ಹೇಳಿದ್ದು ಸರಿ, ಆದರೆ ತುಳಸಿಕಟ್ಟೆ ಹತ್ತಿರ ಸೋರುವುದನ್ನು ಬಿಟ್ಟರಲ್ಲ. ನನ್ನ ಅಂದಾಜು, ವಾಲ್ವಿನ ಒಳಗೆ ನೀರು ಮುಚ್ಚುವ ರಬ್ಬರ್ ಪದರದಲ್ಲಿ, ಅಂದರೆ ಡಯಾಫ್ರಾಮಿನಲ್ಲಿ, ಹರಳು ಸಿಕ್ಕಿಕೊಂಡಿದೆ. ನಮ್ಮ ಮನೆಯಲ್ಲಿ ಹಾಗೇ ಆಗಿತ್ತು. ಮೇಲಿನ ಸ್ಕ್ರೂ ಬಿಚ್ಚಿ, ರಬ್ಬರ್ ತೊಳೆದು, ಸ್ಪ್ರಿಂಗ್ ಇದ್ದ ಹಾಗೇ ಕೂಡಿಸಿದರೆ ಸರಿಯಾಯಿತು.

ಇನ್ನೊಂದು ಕೇಳುತ್ತೇನೆ, ಸಿಟ್ಟಾಗಬೇಡಿ. ಕಲಬುರಗಿಯಂಥ ಊರಲ್ಲಿ ಲಾನ್ ಯಾಕ್ರೀ? ನಮ್ಮಲ್ಲಿ ಕೆಂಪು ಜಂಬಿಟ್ಟಿಗೆ ನೆಲ, ಊರು ಸ್ವಲ್ಪ ಎತ್ತರದಲ್ಲಿ, ಸ್ವಲ್ಪ ತಂಪು. ನೀರು ಹಾಕಿದ ಹಾಗೇ ಕೆಳಗಿಳಿಯುತ್ತದೆ. ಬಹಮನಿ ಕಾಲದಲ್ಲಿ, 15ನೇ ಶತಮಾನದಲ್ಲಿ, ಇದೇ ಕಲ್ಲು ಕೊರೆದು ನೌಬಾದಿನಲ್ಲಿ ಕರೇಜ್ (ಸುರಂಗ ಕಾಲುವೆ) ಮಾಡಿ ನೆಲದೊಳಗೆ ನೀರು ಹರಿಸಿದ್ದರು. ಅಂಥ ಊರಲ್ಲೇ ನಾನು ಅರ್ಧ ಲಾನ್ ತೆಗೆದು ಗಿಡ ಹಚ್ಚಿದ್ದೇನೆ, ಗಿಡಕ್ಕೆ ಡ್ರಿಪ್. ಅಷ್ಟಕ್ಕೂ ಲಾನ್ ಬೇಕೇ ಬೇಕಾದರೆ ಆರ್‌ಓ ಮಷಿನ್ನಿನ ವೇಸ್ಟ್ ನೀರನ್ನಾದರೂ ಅದಕ್ಕೆ ಬಿಡಿ. ಸುಮ್ನೆ ಮೋರಿಗೆ ಹೋಗುತ್ತದೆ.

ಎರೆಮಣ್ಣಿನ ಫಿಟ್ಟರ್, ಶಹಾಬಾದ್

ಸಾಹೇಬರೇ, ಡಯಾಫ್ರಾಮ್ ಸೋರಿದ್ದರೆ ಪಂಪಿನ ಮುಳ್ಳು ಇಳಿಯಬೇಕಿತ್ತು. ಇಳಿದಿಲ್ಲ. ತುಳಸಿಕಟ್ಟೆ ಹತ್ತಿರದ್ದು ಲಾನಿನಲ್ಲೇ ಎಲ್ಲಕ್ಕಿಂತ ತಗ್ಗಿನಲ್ಲಿರಬೇಕು. ವಾಲ್ವ್ ಮುಚ್ಚಿದ ಮೇಲೆ ಪೈಪಿನಲ್ಲಿ ಉಳಿದ ನೀರೆಲ್ಲ ತಗ್ಗಿನ ಹೆಡ್ಡಿನಿಂದ ಇಳಿದುಹೋಗುತ್ತದೆ. ತಂಗೀ, ಅದು ಸ್ವಲ್ಪ ಹೊತ್ತಿಗೆ ನಿಲ್ಲುತ್ತದಾ, ರಾತ್ರಿಯಿಡೀ ಸೋರುತ್ತದಾ ನೋಡಿ. ನಿಂತರೆ ಇದೇ. 25 ಎಂಎಂ ಪೈಪ್ ಮೀಟರಿಗೆ ಹತ್ತಿರಹತ್ತಿರ 0.4 ಲೀಟರ್ ನೀರು ಹಿಡಿಯುತ್ತದೆ. 25 ಮೀಟರ್ ಲೈನ್ ಇದ್ದರೆ ಪ್ರತಿ ಸಲ 10 ಲೀಟರ್ ಅಲ್ಲೇ ಕೆಸರಾಗುತ್ತದೆ. ಪಂಪ್ ನಿಂತ ಮೇಲೆ ಉಳಿದ ನೀರು ಇಳಿಯದಂತೆ ತಡೆಯುವ ಚೆಕ್ ವಾಲ್ವ್ ಬುಡದಲ್ಲೇ ಇರುವ ಪಾಪ್-ಅಪ್ ಬರುತ್ತದೆ. ಆ ಒಂದು ಜಾಗಕ್ಕೆ ಅದನ್ನು ಹಾಕಿ.

ಆರ್‌ಓ ನೀರು ಬೇಡ. ಬೋರಿನ ನೀರಿನ ಉಪ್ಪೆಲ್ಲ ದಪ್ಪಗಾಗಿ ಅದರಲ್ಲಿರುತ್ತದೆ. ಕೆಂಪು ನೆಲದಲ್ಲಿ ಮಳೆಗೆ ತೊಳೆದುಹೋದೀತು. ಎರೆ ಮಣ್ಣಿನಲ್ಲಿ ನೀರು ಇಳಿಯುವುದೇ ನಿಧಾನ, ಉಪ್ಪು ಮೇಲೇ ಉಳಿದು ನೆಲ ಹೆಪ್ಪಳಿಕೆ ಕಟ್ಟುತ್ತದೆ. ನೆಲ ಒರೆಸಲು, ಬಾತ್‌ರೂಮಿಗೆ ಬಳಸಿ.

ಲಾನ್ ಯಾಕೆ ಅಂದಿರಿ. 15 ಗುಣಿಸು 30 ಅಂದರೆ 450 ಚದರ ಅಡಿ, ಹತ್ತಿರಹತ್ತಿರ 42 ಚದರ ಮೀಟರ್. ಕಡು ಬೇಸಿಗೆಯಲ್ಲಿ ಕರಕಿ (ಗರಿಕೆ) ಹುಲ್ಲಿಗೆ ದಿನಕ್ಕೆ 5-6 ಮಿಲಿಮೀಟರ್ ನೀರು ಸಾಕು. ಒಂದು ಚದರ ಮೀಟರಿಗೆ 1 ಮಿಲಿಮೀಟರ್ ಅಂದರೆ 1 ಲೀಟರ್. ಒಟ್ಟು 250 ಲೀಟರ್. ಅದೇನು ಕಡಿಮೆ ನೀರಲ್ಲ, ಆದರೆ ಮನೆ ಮುಳುಗಿಸುವಷ್ಟೂ ಅಲ್ಲ. ಸೋರಿಕೆಯಲ್ಲಿ, ರಸ್ತೆಯಲ್ಲಿ ಹೋಗುವುದನ್ನು ಮೊದಲು ನಿಲ್ಲಿಸೋಣ, ಆಮೇಲೆ ಹುಲ್ಲನ್ನು ಬೈಯೋಣ. ದಿನ ಬಿಟ್ಟು ದಿನ ನೀರು ಬರುವ ಮನೆಯಲ್ಲಿ ನಾನೂ ಲಾನ್ ಹಾಕಿ ಅನ್ನುವುದಿಲ್ಲ. ಬೋರ್ ಒಣಗುವ ವರ್ಷ ಬಂದರೆ ಮೊದಲು ಬಿಡಬೇಕಾದದ್ದೂ ಲಾನೇ. ಕರಕಿ ಒಣಗಿದ ಹಾಗೆ ಕಂಡರೂ ಬೇರು ಬದುಕಿರುತ್ತದೆ, ಮಳೆ ಬಿದ್ದರೆ ಚಿಗುರುತ್ತದೆ.

ಟೈಮರ್ ಹೊಂದಿಸುವುದೂ ಮಣ್ಣಿನ ಮೇಲೇ ನಿಂತಿದೆ. ನಿಮ್ಮ ಸ್ಪ್ರೇ ತಾಸಿಗೆ ಸುಮಾರು 40 ಮಿಲಿಮೀಟರ್ ಸುರಿಯುತ್ತದೆ. ಹಸಿಯಾದ ಎರೆ ಮಣ್ಣು ಅಷ್ಟು ಬೇಗ ಕುಡಿಯುವುದಿಲ್ಲ, ಸ್ವಲ್ಪ ಹೊತ್ತಿಗೇ ಪರಸಿ ಮೇಲೆ ಹರಿಯಲು ಶುರು. ದಿನಾ 9 ನಿಮಿಷ ಒಂದೇ ಸಮ ಓಡಿಸುವ ಬದಲು ದಿನ ಬಿಟ್ಟು ದಿನ 18 ನಿಮಿಷ ಇಡಿ. ಅದನ್ನೂ 6-6 ನಿಮಿಷದಂತೆ ಮೂರು ತುಂಡು ಮಾಡಿ, ನಡುವೆ ಮುಕ್ಕಾಲು ತಾಸು ಬಿಡುವು ಕೊಡಿ. ಟೈಮರಿನಲ್ಲಿ ಶುರುವಾಗುವ ಹೊತ್ತು ಮೂರು ನಾಲ್ಕು ಇಡಲು ಬರುತ್ತದೆ, ಅದು ಇರುವುದೇ ಇದಕ್ಕೆ. ಬೆಳಗಿನ ಜಾವ 4ಕ್ಕೆ ಶುರುಮಾಡಿ. ಗಾಳಿ ಇರುವುದಿಲ್ಲ, ವೋಲ್ಟೇಜೂ ಚೆನ್ನಾಗಿರುತ್ತದೆ. ಸಂಜೆ ಗಾಳಿಗೆ ಅರ್ಧ ನೀರು ಪಕ್ಕದ ಸೈಟಿಗೆ ಹೋಗುತ್ತದೆ. ಪೂರ್ತಿ ಒಣಗಲು ಬಿಟ್ಟು ನೆಲ ಬಿರಿದ ಮೇಲೆ ಒಮ್ಮೆಲೇ ನೀರು ಬಿಡುವುದು ಪೈಪಿಗೂ ಕೆಟ್ಟದ್ದು.

ನೀರು ಸಮನಾಗಿ ಬೀಳುತ್ತದಾ ನೋಡಬೇಕಾದರೆ ಒಂದೇ ಅಳತೆಯ ನೆಟ್ಟಗಿನ ಸ್ಟೀಲ್ ಡಬ್ಬಿಗಳನ್ನು ಲಾನಿನ ಮೇಲೆ ಅಲ್ಲಲ್ಲಿ ಇಟ್ಟು 15 ನಿಮಿಷ ಓಡಿಸಿ. ಸ್ಕೇಲ್ ಇಳಿಸಿ ಅಳೆಯಿರಿ. ಎಲ್ಲದರಲ್ಲೂ 10 ಮಿಲಿಮೀಟರ್ ಆಸುಪಾಸು ಇರಬೇಕು. ಒಂದರಲ್ಲಿ 4, ಇನ್ನೊಂದರಲ್ಲಿ 15 ಇದ್ದರೆ ಹೆಡ್ ವಾಲಿದೆ ಅಥವಾ ನಾಜಲ್ ಕಟ್ಟಿದೆ.

ಕೋಟೆ ಊರಿನವ, ಬೀದರ್

ಆಯಿತು ಸಾಹೇಬರೇ, ಮುಳ್ಳಿನ ಲೆಕ್ಕ ಒಪ್ಪಿದೆ. ಲಾನಿನ ಮಾತು ಒಪ್ಪಿಲ್ಲ.

ಕರಕಿ ಅಂಗಳ, ಕಲಬುರಗಿ

ಅಣ್ಣಾರೇ, ಕೆಲಸ ಮಾಡಿಸಿದೆ. ನೀವು ಹೇಳಿದ್ದೇ ಸರಿ. ಪರಸಿ ಪಕ್ಕದ ಹೆಡ್ಡಿನ ಕೆಳಗೆ ನಿಪ್ಪಲ್ ಥ್ರೆಡ್ ಹತ್ತಿರವೇ ತುಂಡಾಗಿತ್ತು, ಕೈಯಲ್ಲಿ ಎತ್ತಿದರೆ ಬಂತು. ಮನೆಯ ಹತ್ತಿರದ ಹುಡುಗ ಅಗೆದುಕೊಟ್ಟ, ಪೈಪ್ ಜೋಡಿಸುವವರು ಬೇರೆಯವರು. ನಿಪ್ಪಲ್ ಬೇಡ, ಸ್ವಿಂಗ್ ಪೈಪೇ ಹಾಕಿ ಅಂದಾಗ ಅವರು "ಮೇಡಂ, ನಿಮಗ್ಯಾರು ಹೇಳಿದರು" ಅಂತ ಕೇಳಿದರು. ಶಹಾಬಾದಿನ ನಮ್ಮ ಅಣ್ಣ ಅಂದೆ.

90 ಡಿಗ್ರಿ ನಾಜಲ್ ಸಿಕ್ಕಿತು. ಎದುರು ಮನೆಯವರು ಈಗ ಬೈಕ್ ತಾವೇ ತೊಳೆಯುತ್ತಿದ್ದಾರೆ. ಲಾನ್ ಓಡುವಾಗ ಮುಳ್ಳು 2ಕ್ಕೆ ಬಂದಿದೆ. ಗೇಟ್ ಕಡೆಯ ಎರಡರಲ್ಲಿ ಒಂದು ತಾನೇ ಎದ್ದಿತು. ಇನ್ನೊಂದರ ಜಾಲರಿ ಸುಣ್ಣ ಕಟ್ಟಿ ಬೆಳ್ಳಗಾಗಿತ್ತು, ನಿಂಬೂ ಸತ್‌ನಲ್ಲಿ ನೆನೆಸಿದ ಮೇಲೆ ಸರಿಯಾಯಿತು. ತುಳಸಿಕಟ್ಟೆಯದು ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ. ಚೆಕ್ ವಾಲ್ವ್ ಇರುವುದನ್ನು ತರಿಸಲು ಹೇಳಿದ್ದೇನೆ.

ಡಬ್ಬಿ ಪರೀಕ್ಷೆಗೆ ಮಾವನವರೇ ಮುಂದೆ ಬಂದರು. ಅಡಿಗೆಮನೆಯ ಡಬ್ಬಿಗಳನ್ನೆಲ್ಲ ಒಯ್ದು ಲಾನಿನಲ್ಲಿ ಸಾಲಾಗಿ ಇಟ್ಟು, ಸ್ಕೇಲ್ ಹಿಡಿದು ಅಳೆದು, ಡೈರಿಯಲ್ಲಿ ಬರೆದುಕೊಂಡಿದ್ದಾರೆ. ಒಂದು ಡಬ್ಬಿಯಲ್ಲಿ ಜೀರಿಗೆ ಇತ್ತು, ಅದು ಬೇರೆ ಕಥೆ.

ಉಳಿದದ್ದು ಗಿಡದ ಲೈನಿನ ವಾಲ್ವ್. ಕೈಯಿಂದ ತಿರುಗಿಸಿದರೆ ನೀರು ಬರುತ್ತದೆ, ಟೈಮರಿನಿಂದ ಬರುವುದಿಲ್ಲ. ವಾಲ್ವನ್ನೇ ಬದಲಿಸಬೇಕಾ? ಮಳೆಗಾಲದಲ್ಲಿ ಇದನ್ನೆಲ್ಲ ಹೇಗೆ ಇಡಬೇಕು ಅನ್ನುವುದನ್ನೂ ಹೇಳಿ.

ಎರೆಮಣ್ಣಿನ ಫಿಟ್ಟರ್, ಶಹಾಬಾದ್

ಕೈಯಿಂದ ತೆರೆದರೆ ನೀರು ಬರುತ್ತದೆ ಅಂದರೆ ವಾಲ್ವಿನ ಹೊಟ್ಟೆ ಸರಿ ಇದೆ. ತೊಂದರೆ ಕರೆಂಟಿನ ಕಡೆ. ಕರೆಂಟಿನಿಂದ ವಾಲ್ವ್ ತೆರೆಯಲು ಮೇಲೆ ಕೂತಿರುವ ಕಾಯಿಲ್ 24 ವೋಲ್ಟಿನದು, ಶಾಕ್ ಹೊಡೆಯುವಂಥದ್ದಲ್ಲ. ಆದರೂ ಟೈಮರಿನ ಪ್ಲಗ್ ತೆಗೆದೇ ಕೈ ಹಾಕಿ, ಅದರೊಳಗೆ ಬರುವುದು 230.

ವಾಲ್ವ್ ಡಬ್ಬಿ ತೆರೆದು ಮೊದಲು ವೈರಿನ ಜೋಡಣೆ ನೋಡಿ. ಸುಮ್ನೆ ತಿರುವಿ ಟೇಪ್ ಸುತ್ತಿದ್ದರೆ ಹಸಿಗೆ ಹಸಿರು ಕಿಲುಬು ಹಿಡಿದಿರುತ್ತದೆ. ಇರುವೆಗಳಿಗೂ ಆ ಡಬ್ಬಿ ಬಹಳ ಇಷ್ಟ. ಕಿಲುಬು ಹಿಡಿದ ತುದಿ ಕತ್ತರಿಸಿ, ಹೊಸದಾಗಿ ಸುಲಿದು, ಒಳಗೆ ಗ್ರೀಸ್ ತುಂಬಿದ ಕನೆಕ್ಟರ್ ಹಾಕಿ. ಅದೇ ಹೆಚ್ಚು ಸಲ ಸಿಗುವ ಕಾರಣ. ಸರಿಯಾಗದಿದ್ದರೆ ಕಾಯಿಲಿನ ಎರಡು ವೈರ್ ಬಿಡಿಸಿ ಮಲ್ಟಿಮೀಟರಿನಲ್ಲಿ ಅಳೆಯಿರಿ. 20ರಿಂದ 60 ಓಮ್ ಒಳಗೆ ತೋರಿಸಿದರೆ ಕಾಯಿಲ್ ಜೀವಂತ. ಏನೂ ತೋರಿಸದಿದ್ದರೆ ಕಾಯಿಲ್ ಒಳಗೇ ತುಂಡಾಗಿದೆ, ಸೊನ್ನೆ ಹತ್ತಿರ ಬಂದರೆ ಸುಟ್ಟಿದೆ. ಕಾಯಿಲ್ ಅಷ್ಟೇ ತಿರುಗಿಸಿ ಬಿಚ್ಚಿ ಬೇರೆ ಹಾಕಬಹುದು, ಅಗೆಯುವ ಕೆಲಸ ಇಲ್ಲ. ಕಾಯಿಲ್ ಸರಿ ಇದ್ದರೆ ಟೈಮರಿನಲ್ಲಿ ಲಾನಿನ ವೈರ್, ಗಿಡದ ವೈರ್ ಅದಲುಬದಲು ಮಾಡಿ. ಆಗ ಗಿಡದ್ದು ಓಡಿ ಲಾನಿನದು ನಿಂತರೆ ತಪ್ಪು ಟೈಮರಿನದು. ಹಾಗಾಗದಿದ್ದರೆ ನಡುವಿನ ವೈರ್ ಇಲಿ ಕಡಿದಿರಬಹುದು, ಇಲ್ಲವೇ ಅಗೆಯುವಾಗ ಕುರ್ಪಿ ತಾಗಿರಬಹುದು.

ವಾಲ್ವೇ ಬದಲಿಸುವ ಸಂದರ್ಭ ಎಂದಾದರೂ ಬಂದರೆ ಒಂದು ನೆನಪಿರಲಿ. ಅಮೆರಿಕದ ಕಂಪನಿಗಳ 1 ಇಂಚಿನ ವಾಲ್ವ್ ಕೆಲವು ಅಲ್ಲಿನ ಅಳತೆಯ ಎನ್‌ಪಿಟಿ ಥ್ರೆಡ್ಡಿನವು. ನಮ್ಮ ಅಂಗಡಿಯ ಫಿಟ್ಟಿಂಗ್ ಬ್ರಿಟಿಷ್ ಅಳತೆಯ ಬಿಎಸ್‌ಪಿ. ಶುರುವಿಗೆ ಎರಡು ಸುತ್ತು ಕೂತ ಹಾಗೆ ಅನಿಸಿ ಆಮೇಲೆ ಬಿಗಿಯಾಗುತ್ತದೆ. ಫಿಟ್ಟರ್ ಪಾನಾ ಹಾಕಿ ಒತ್ತಿದರೆ ವಾಲ್ವಿನ ಬಾಯಿ ಸೀಳುತ್ತದೆ. ಟೆಫ್ಲಾನ್ ಟೇಪ್ ಎಷ್ಟು ಸುತ್ತಿದರೂ ಸೋರುವುದು ನಿಲ್ಲುವುದಿಲ್ಲ. ಕೊಳ್ಳುವಾಗಲೇ ಕೇಳಿ ತನ್ನಿ.

ಮಿರ್ಗದ (ಮೃಗಶಿರಾ) ಮಳೆ ಹಿಡಿದ ಮೇಲೆ ಟೈಮರ್ ಆಫ್‌ಗೆ ತಿರುಗಿಸಿ, ಪ್ಲಗ್ ಮಾತ್ರ ತೆಗೆಯಬೇಡಿ. ಸಿಡಿಲು ಗುಡುಗು ಜೋರಿದ್ದ ದಿನ ತೆಗೆದಿಟ್ಟರೆ ನಡೆಯುತ್ತದೆ. ಹದಿನೈದು ದಿನಕ್ಕೊಮ್ಮೆ ಎರಡೂ ಲೈನ್ ಒಂದೊಂದು ನಿಮಿಷ ಓಡಿಸಿ, ಇಲ್ಲದಿದ್ದರೆ ಕೆಸರು ಒಣಗಿ ಹೆಡ್ ಗೂಡಿನಲ್ಲೇ ಹಿಡಿದುಕೊಳ್ಳುತ್ತದೆ. ಪಂಪಿನ ಮುಂದಿನ ಫಿಲ್ಟರ್ ಬೇಸಿಗೆಯಲ್ಲಿ ವಾರಕ್ಕೊಮ್ಮೆ ತೊಳೆಯಿರಿ. ಫಿಲ್ಟರೇ ಇಲ್ಲದಿದ್ದರೆ 120 ಮೆಶ್‌ದು ಒಂದು ಹಾಕಿಸಿ. ಡ್ರಿಪ್ ಸಾಮಾನು ಮಾರುವ ಯಾವ ಅಂಗಡಿಯಲ್ಲೂ ಸಿಗುತ್ತದೆ. ಉಳಿದ ಐದು ಹೆಡ್ಡಿನ ನಿಪ್ಪಲ್ ಈಗಲೇ ಕೀಳಲು ಹೋಗಬೇಡಿ. ಯಾವುದು ಮುರಿಯುತ್ತದೋ ಆಗ ಅದಕ್ಕೆ ಸ್ವಿಂಗ್ ಪೈಪ್ ಹಾಕಿ. ಎರಡು ಸೆಟ್ ಈಗಲೇ ತಂದಿಟ್ಟುಕೊಂಡಿರಿ.

ಭೀಮಾ ದಂಡೆ, ಯಾದಗಿರಿ

ಅಕ್ಕಾರೇ, ಚೆಕ್ ವಾಲ್ವಿನ ಪಾಪ್-ಅಪ್ ತರಿಸುತ್ತಿದ್ದರೆ ನನಗೂ ಎರಡು ಹೇಳಿಬಿಡಿ. ನಮ್ಮ ಅಂಗಳ ಇಳಿಜಾರು, ಗೇಟಿನ ಮುಂದೆ ವರ್ಷವಿಡೀ ಕೆಸರು. ಇಷ್ಟು ದಿನ ಪಕ್ಕದ ಮನೆಯವರ ಮೋರಿ ಅಂದುಕೊಂಡು ಅವರ ಹತ್ತಿರ ಜಗಳಾಡುತ್ತಿದ್ದರು ನಮ್ಮಪ್ಪ.